ಒಂದೇ ಪ್ಲಿಕಾರೆ: ಸ್ಪೇನಿನಲ್ಲಿ ‘ಬಂದು ತಲುಪು’, ರೊಮೇನಿಯಾದಲ್ಲಿ ‘ಹೊರಡು’. ಇದು ಹೇಗಾಯ್ತು?

ಬೇರುಬಿಳಲು

ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲಿ ಬಂದಿಳಿದವರು ಹೊರಬರುವ ಕಡೆ ‘ಯೆಗಾದಾಸ್’ ಅಂತ ಬೋರ್ಡ್ ಇರುತ್ತೆ. ಲಿಸ್ಬನ್ನಿನಲ್ಲಿ ಅದೇ ಜಾಗಕ್ಕೆ ‘ಶೆಗಾದಶ್’. ಬುಕಾರೆಸ್ಟ್‌ನಲ್ಲಿ ‘ಪ್ಲೆಕರಿ’ ಅಂತ ಬರೆದ ಕಡೆ ನಿಂತು ಬರುವವರಿಗಾಗಿ ಕಾದರೆ ಯಾರೂ ಸಿಗಲ್ಲ, ಅದು ಹೊರಡುವವರ ಬಾಗಿಲು. ಈ ಮೂರೂ ಪದಗಳ ತಾಯಿ ಲ್ಯಾಟಿನ್ನಿನ ‘ಪ್ಲಿಕಾರೆ’. ಅದರ ಅರ್ಥಕ್ಕೂ ಬರುವುದಕ್ಕೂ ಹೋಗುವುದಕ್ಕೂ ಸಂಬಂಧವೇ ಇಲ್ಲ. ಬಟ್ಟೆ ಮಡಚು, ಹಗ್ಗ ಸುತ್ತು ಅನ್ನುವಾಗಿನ ‘ಮಡಚು’ ಅಷ್ಟೆ.

ಮಿಕ್ಕ ಮಕ್ಕಳ ಕಥೆ: ಇಟಾಲಿಯನ್ನಿನ ‘ಪ್ಯೆಗಾರೆ’ ಅಂದರೆ ಮಡಚು, ಬಾಗಿಸು. ಫ್ರೆಂಚ್‌ನಲ್ಲಿ ಅವಳಿಗಳಿವೆ. ‘ಪ್ಲಿಯೆ’ ಮಡಚು, ‘ಪ್ಲುವಾಯೆ’ ಬಾಗು (ಇದು ಈಗ ಬರಹದಲ್ಲೇ ಹೆಚ್ಚು). ಸ್ಪೇನಿನ ಬಾರ್ಸೆಲೋನಾ ಸೀಮೆಯ ಕತಲಾನ್‌ನಲ್ಲಿ ‘ಪ್ಲೆಗಾ’, ಅಂದರೆ ಮಡಚು, ಜೊತೆಗೆ ‘ದಿನದ ಕೆಲಸ ಮುಗಿಸಿ ಏಳು’. ಅದರ ಪಕ್ಕದ ಸೀಮೆಯ ನುಡಿ ಅರಗೊನೀಸ್‌ನ ‘ಪ್ಲೆಗಾರ್’ ಮತ್ತೆ ತಲುಪು. ವ್ಯಾಲೆನ್ಸಿಯಾದವರ ‘ಅಪ್ಲೆಗಾರ್’ ಕೂಡ ತಲುಪು. ಸಿಸಿಲಿಯ ‘ಅಗ್ಗಿಕಾರಿ’ಯೂ ತಲುಪು. ರೊಮೇನಿಯನ್ನಿನ ‘ಪ್ಲೆಕಾ’ ಒಂದೇ ‘ಹೊರಡು’ ಅಂತ ಉಲ್ಟಾ ದಿಕ್ಕಿಗೆ ಹೋಗಿದ್ದು.

ಎಲ್ಲ ಕಡೆ ಹರಿದಾಡುವ ವಿವರಣೆ ನಿಮಗೂ ಗೊತ್ತಿರಬಹುದು: ಸ್ಪೇನಿನವರು ನಾವಿಕರು, ದಡಕ್ಕೆ ಬಂದಾಗ ಹಾಯಿ ಮಡಚಿದರು, ಅದು ‘ತಲುಪು’ ಆಯ್ತು. ರೊಮೇನಿಯಾದಲ್ಲಿದ್ದವರು ಸೈನಿಕರು, ಹೊರಡುವಾಗ ಡೇರೆ ಮಡಚಿದರು, ಅದು ‘ಹೊರಡು’ ಆಯ್ತು. ಕೇಳಲು ಚೆಂದ. ಇದು ನಿಜವೇ ಅಂತ ಚರ್ಚಿಸೋಣ ಅಂತಲೇ ಈ ಎಳೆ.

ಧಾತುಪಾಠ

ಅರ್ಥಕ್ಕೆ ಕೈ ಹಾಕುವ ಮೊದಲು ಇವೆಲ್ಲ ನಿಜವಾಗಿ ಒಂದೇ ಪದವಾ ಅಂತ ಖಾತ್ರಿ ಮಾಡ್ಕೊಬೇಕು. ಇದನ್ನು ಬಿಟ್ಟು ನೇರ ಕಥೆಗೆ ಹಾರಿದರೆ ಯಾವ ಪದಕ್ಕೆ ಯಾವ ಪದವನ್ನಾದರೂ ಗಂಟು ಹಾಕಬಹುದು. ಮೂರು ಜಾಗ ನೋಡಿ: ಮೊದಲಿನ ‘ಪ್ಲ’, ನಡುವಿನ ‘ಇ’, ಆಮೇಲಿನ ‘ಕ’.

ಮೊದಲು ‘ಪ್ಲ’. ಲ್ಯಾಟಿನ್ನಿನಲ್ಲಿ ‘ತುಂಬಿದ’ ಅನ್ನೋದು ‘ಪ್ಲೇನುಸ್’. ಇದು ಸ್ಪ್ಯಾನಿಷ್‌ನಲ್ಲಿ ‘ಯೇನೊ’ (ಬರೆಯುವಾಗ ಜೋಡಿ ಎಲ್), ಪೋರ್ಚುಗೀಸ್‌ನಲ್ಲಿ ‘ಶೇಯು’ (ಬರೆಯುವಾಗ ಸಿ-ಎಚ್), ಇಟಾಲಿಯನ್‌ನಲ್ಲಿ ‘ಪ್ಯೇನೊ’, ರೊಮೇನಿಯನ್‌ನಲ್ಲಿ ‘ಪ್ಲಿನ್’. ಗಾಯ ಅನ್ನೋ ಅರ್ಥದ ‘ಪ್ಲಾಗಾ’ ತಗೊಳ್ಳಿ, ಅದೇ ಸಾಲು: ಯಾಗಾ, ಶಾಗಾ, ಪ್ಯಾಗಾ. ಫ್ರೆಂಚ್, ಕತಲಾನ್, ರೊಮೇನಿಯನ್ ಮೂರರಲ್ಲೂ ‘ಪ್ಲ’ ಹಾಗೇ ಉಳಿಯುತ್ತೆ. ಯೆಗಾರ್ (ಸ್ಪ್ಯಾನಿಷ್‌ನ ತಲುಪು), ಶೆಗಾರ್ (ಪೋರ್ಚುಗೀಸ್‌ನ ತಲುಪು), ಪ್ಯೆಗಾರೆ, ಪ್ಲಿಯೆ, ಪ್ಲೆಕಾ ಇದೇ ಅಚ್ಚಿಗೆ ಸರಿಯಾಗಿ ಕೂರುತ್ತವೆ.

ಎರಡನೆಯದು ಸ್ವರ. ಲ್ಯಾಟಿನ್ನಿನ ಹ್ರಸ್ವ ‘ಇ’ ಬಹುಪಾಲು ರೋಮಾನ್ಸ್ ನುಡಿಗಳಲ್ಲಿ (ಲ್ಯಾಟಿನ್ನಿನಿಂದ ಹುಟ್ಟಿದ ನುಡಿಗಳಲ್ಲಿ) ‘ಎ’ ಆಗುತ್ತೆ. ತಮಿಳಿನ ‘ಇಲೈ’ಗೆ ಎದುರಾಗಿ ಕನ್ನಡದಲ್ಲಿ ‘ಎಲೆ’ ಇದೆಯಲ್ಲ, ಆ ಬಗೆಯ ಬದಲಾವಣೆ. ಹಾಗಾಗಿ ಪ್ಲಿಕಾರೆಯ ಮಕ್ಕಳಲ್ಲಿ ‘ಎ’ ಇರಬೇಕು. ಇದೆ.

ಮೂರನೆಯದು ಎರಡು ಸ್ವರಗಳ ನಡುವಿನ ‘ಕ’. ಇಟಲಿಯ ಲಾ ಸ್ಪೆತ್ಸಿಯಾದಿಂದ ರಿಮಿನಿವರೆಗೆ ಒಂದು ಗೆರೆ ಎಳೆದರೆ, ಅದರ ಪಡುವಣಕ್ಕೆ ‘ಕ’ ಮೆದುವಾಗಿ ‘ಗ’ ಆಗುತ್ತೆ. ಮೂಡಣಕ್ಕೆ ‘ಕ’ವೇ ಉಳಿಯುತ್ತೆ. ಬೆಂಕಿ/ಒಲೆ ಅನ್ನುವ ‘ಫೋಕುಸ್’ ಸ್ಪ್ಯಾನಿಷ್‌ನಲ್ಲಿ ‘ಫುವೇಗೊ’, ರೊಮೇನಿಯನ್‌ನಲ್ಲಿ ‘ಫೋಕ್’. ಯೆಗಾರ್‌ನಲ್ಲಿ ಗ, ಪ್ಲೆಕಾದಲ್ಲಿ ಕ. ಲೆಕ್ಕ ಸರಿಹೋಯ್ತು. ಫ್ರೆಂಚ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗ-ವನ್ನೂ ಕರಗಿಸಿ ‘ಯ’ ಮಾಡಿಬಿಡುತ್ತೆ: ಪಾಕಾರೆ → ಪೆಯೆ (ಹಣ ಕೊಡು), ನೆಕಾರೆ → ನುವಾಯೆ (ಮುಳುಗಿಸಿ ಕೊಲ್ಲು), ಪ್ಲಿಕಾರೆ → ಪ್ಲುವಾಯೆ. ಹಾಗಾದರೆ ‘ಪ್ಲಿಯೆ’ ಎಲ್ಲಿಂದ ಬಂತು? ಪ್ರಾರ್ಥಿಸು ಅನ್ನುವ ‘ಪ್ರಿಯೆ’ಯಂಥ ಕ್ರಿಯಾಪದಗಳನ್ನು ನೋಡಿ ಹುಟ್ಟಿಕೊಂಡ ರೂಪ ಅದು, ಧ್ವನಿ ನಿಯಮದಿಂದ ಬಂದದ್ದಲ್ಲ.

ಎಡವುವುದು ಇಟಾಲಿಯನ್‌ನಲ್ಲಿ. ‘ಫುವೋಕೊ’ದಲ್ಲಿ ಕ ಉಳಿಸಿಕೊಂಡ ನುಡಿ ‘ಪ್ಯೆಗಾರೆ’, ‘ಪಗಾರೆ’ಗಳಲ್ಲಿ ಗ ಇಟ್ಟುಕೊಂಡಿದೆ. ಇಟಾಲಿಯನ್‌ನ ಈ ಕಲಬೆರಕೆ ಎಲ್ಲರಿಗೂ ಗೊತ್ತಿರೋದೇ. ಒಂದು ಪದ ನಿಯಮ ಮುರೀತು ಅಂತ ಇಡೀ ಸಂಬಂಧ ಕಡಿದುಕೊಳ್ಳಬೇಕಿಲ್ಲ.

ಕಡಲಕರೆ

ಧಾತುಪಾಠ ಅವರೇ, ‘ಪ್ಲ’ದ ಜೊತೆಗೆ ‘ಕ್ಲ’, ‘ಫ್ಲ’ಗಳನ್ನೂ ಸೇರಿಸಿ. ಬೀಗದ ಕೈಗೆ ಲ್ಯಾಟಿನ್ ‘ಕ್ಲಾವಿಸ್’. ಸ್ಪ್ಯಾನಿಷ್‌ನಲ್ಲಿ ‘ಯಾವೆ’, ಪೋರ್ಚುಗೀಸ್‌ನಲ್ಲಿ ‘ಶಾವೆ’. ನಮ್ಮ ಕರಾವಳಿಯವರೂ ಕೊಂಕಣಿಯವರೂ ‘ಚಾವಿ’ ಅಂತ ಹೇಳುವುದು ಇದನ್ನೇ. ಇಲ್ಲೊಂದು ಸೂಕ್ಷ್ಮ ಉಂಟು. ಇವತ್ತು ಲಿಸ್ಬನ್ನಿನವರು ಅದನ್ನು ‘ಶ’ ಅಂತ ಉಚ್ಚರಿಸುತ್ತಾರೆ. ಪೋರ್ಚುಗೀಸರು 1498ರಲ್ಲಿ ಮಲಬಾರಿಗೆ, 1510ರಲ್ಲಿ ಗೋವೆಗೆ ಬಂದ ಕಾಲಕ್ಕೆ ಅದು ಗಟ್ಟಿ ‘ಚ’ ಆಗಿತ್ತು. ಪೋರ್ಚುಗಲ್ಲಿನ ಬಡಗಣ ಭಾಗದ ಆಡುಮಾತಿನಲ್ಲಿ ಈಗಲೂ ‘ಚ’ ಉಳಿದುಕೊಂಡಿದೆ. ಲಿಸ್ಬನ್ ಬಿಟ್ಟುಕೊಟ್ಟ ಉಚ್ಚಾರಣೆ ನಮ್ಮ ಚಾವಿಯಲ್ಲಿ ಕೂತಿದೆ. ಹಾಗಾಗಿ ಆ ಕಾಲದ ಗೋವೆಯಲ್ಲಿ ‘ಶೆಗಾರ್’ ಕೂಡ ‘ಚೆಗಾರ್’ ಅಂತಲೇ ಕೇಳಿಸಿರಬೇಕು.

ಸಂಜೆಮಲ್ಲಿಗೆ

ಒಂದು ಸಂದೇಹ. ಸ್ಪ್ಯಾನಿಷ್‌ನಲ್ಲಿ ‘ಪ್ಲೆಗಾರ್’ ಅಂತಲೂ ಪದ ಇದೆ, ಮಡಚು ಅಂತಲೇ ಅರ್ಥ. ನಿಯಮದ ಪ್ರಕಾರ ‘ಪ್ಲ’ ಹೋಗಿಬಿಡಬೇಕಿತ್ತಲ್ಲ? ಹಾಗಾದರೆ ಯೆಗಾರ್ ಬೇರೆ ಎಲ್ಲಿಂದಲೋ ಬಂದಿರಬಹುದಲ್ವಾ?

ಧಾತುಪಾಠ

ಇದಕ್ಕೆ ಕನ್ನಡದಲ್ಲೇ ಉತ್ತರ ಇದೆ. ಹಳಗನ್ನಡದ ಪಾಲ್ ‘ಹಾಲು’ ಆಯ್ತು, ಪುಲಿ ‘ಹುಲಿ’ ಆಯ್ತು. ಆದರೆ ಪತ್ರ, ಪಾಠ, ಪುಣ್ಯ ಹಾಗೇ ಉಳಿದವು. ಸಂಸ್ಕೃತದಿಂದ ತಂದುಕೊಂಡು ಓದುಬರಹದಲ್ಲಿ ಕಾಪಾಡಿಕೊಂಡ ಪದಗಳಿಗೆ ಆ ಬದಲಾವಣೆ ತಟ್ಟಲಿಲ್ಲ.

ಸ್ಪ್ಯಾನಿಷ್‌ನಲ್ಲಿ ಒಂದೇ ಪ್ಲಿಕಾರೆ ಮೂರು ಪದರದಲ್ಲಿ ಕೂತಿದೆ. ಬಾಯಿಂದ ಬಾಯಿಗೆ ಸಾಗಿ ಪೂರ್ತಿ ಸವೆದದ್ದು ‘ಯೆಗಾರ್’. ಅರ್ಧ ಓದುಬರಹದ ಪ್ರಭಾವ ತಾಗಿ ಪ್ಲ ಉಳಿಸಿಕೊಂಡು ಕ-ವನ್ನು ಗ ಮಾಡಿಕೊಂಡದ್ದು ‘ಪ್ಲೆಗಾರ್’. ಇದರ ಮಕ್ಕಳು ‘ಪ್ಲ್ಯೇಗೆ’ (ಮಡಿಕೆ), ‘ಪ್ಲ್ಯೇಗೊ’ (ಮಡಚಿದ ಕಾಗದದ ಹಾಳೆ). ಪುಸ್ತಕದಿಂದ ನೇರ ಇಳಿದದ್ದು ‘ಅಪ್ಲಿಕಾರ್’, ‘ಕೊಂಪ್ಲಿಕಾರ್’, ‘ಎಕ್ಸ್‌ಪ್ಲಿಕಾರ್’. ಇವುಗಳಲ್ಲಿ ಪ್ಲ, ಇ, ಕ ಮೂರೂ ಕದಲಿಲ್ಲ.

ಪೋರ್ಚುಗೀಸ್‌ನಲ್ಲಿ ನಡುವಿನ ಪದರ ಇನ್ನೂ ಮಜವಾಗಿದೆ, ಅಲ್ಲಿ ‘ಪ್ಲ’ ‘ಪ್ರ’ ಆಗಿದೆ. ಸಮುದ್ರತೀರ ಸ್ಪ್ಯಾನಿಷ್‌ನಲ್ಲಿ ‘ಪ್ಲಾಯಾ’, ಪೋರ್ಚುಗೀಸ್‌ನಲ್ಲಿ ‘ಪ್ರಾಯಾ’. ಹಾಗೇ ಬಟ್ಟೆಯ ನೆರಿಗೆಗೆ ‘ಪ್ರೇಗಾ’, ಉದ್ಯೋಗಕ್ಕೆ ‘ಎಂಪ್ರೇಗು’. ಈ ಎರಡನೆಯದರ ಮೂಲ ‘ಇಂಪ್ಲಿಕಾರೆ’, ಅಂದರೆ ಒಳಗೆ ಮಡಚು, ಸಿಕ್ಕಿಸು.

ಮೈಲಿಗಲ್ಲು

ಸದ್ದಿನ ಲೆಕ್ಕ ಒಪ್ಪೇವಿ. ಆದ್ರ ಹಾಯಿ-ಡೇರೆ ಕಥಿ ಯಾಕ ಬ್ಯಾಡ? ರೊಮೇನಿಯಾ ಅಂದ್ರ ಹಳೇ ಡೇಶಿಯಾ. ರೋಮನ್ ಚಕ್ರವರ್ತಿ ಟ್ರೇಜನ್ 106ರಾಗ ಗೆದ್ದ, 270ರ ದಶಕದಾಗ ಇನ್ನೊಬ್ಬ ಚಕ್ರವರ್ತಿ ಅರೇಲಿಯನ್ ಸೈನ್ಯಾನ ಹಿಂದಕ್ಕ ಕರಕೊಂಡ. ಸೈನಿಕರ ನುಡಿ ಅಂತ ಅನ್ನಾಕ ಅಡ್ಡಿ ಏನದ? ನಮ್ಮಲ್ಲೂ ‘ಗಂಟುಮೂಟೆ ಕಟ್ಟಿದ’ ಅಂದ್ರ ಜಾಗಾ ಬಿಟ್ಟ ಅಂತನ ಅಲ್ಲೇನ್ರಿ?

ಬೇರುಬಿಳಲು

ಅಡ್ಡಿ ಇರೋದು ಲ್ಯಾಟಿನ್ ಬರಹಗಳಲ್ಲೇ. ಹಾಯಿ ಮಡಚುವುದಕ್ಕೆ ರೋಮನ್ನರು ಏನಂತಿದ್ದರು ಅಂತ ನೋಡಿದರೆ ಸಿಗುವುದು ‘ವೇಲಾ ಲೆಗೆರೆ’ (ಹಾಯಿ ಒಟ್ಟುಗೂಡಿಸು), ‘ವೇಲಾ ಕೊಂತ್ರಹೆರೆ’ (ಹಾಯಿ ಎಳೆದು ಕುಗ್ಗಿಸು). ಡೇರೆ ಇಳಿಸುವುದಕ್ಕೆ ಸೈನ್ಯದ ಮಾತು ‘ದೇತೆಂದೆರೆ’, ಅಂದರೆ ಬಿಗಿದದ್ದನ್ನು ಸಡಿಲಿಸು. ಸಾಮಾನು ಕಟ್ಟುವುದಕ್ಕೆ ‘ವಾಸಾ ಕೊಲ್ಲಿಗೆರೆ’, ಪಾತ್ರೆ-ಪಡಗ ಎತ್ತಿಕೊಳ್ಳು. ಶಿಬಿರ ಎತ್ತುವುದಕ್ಕೆ ‘ಕಾಸ್ತ್ರಾ ಮೊವೇರೆ’. ಇವು ಆ ವೃತ್ತಿಯವರ ಮಾತುಗಳು, ಮತ್ತೆ ಮತ್ತೆ ಸಿಗುತ್ತವೆ. ಇವುಗಳ ನಡುವೆ ಪ್ಲಿಕಾರೆಗೆ ಜಾಗವೇ ಇಲ್ಲ.

ಹಡಗಿನವರ ಬಾಯಲ್ಲಿ ಇದ್ದದ್ದು ‘ಅಪ್ಲಿಕಾರೆ’. ಲಿವಿಯಂಥ ಇತಿಹಾಸಕಾರರಲ್ಲಿ ಇದು ಹಡಗನ್ನು ದಡಕ್ಕೆ ತಾಗಿಸು ಅನ್ನುವ ಅರ್ಥದಲ್ಲಿ ಬರುತ್ತೆ. ಕೆಲವೊಮ್ಮೆ ಹಡಗು ಅನ್ನುವ ಪದವನ್ನೂ ಬಿಟ್ಟು ಬರೇ ‘ಅಪ್ಲಿಕಾರೆ’ ಅಂತ ಬರೆದಿರುತ್ತಾರೆ. ಅಂದರೆ ಕಡಲಿನ ಸಂಬಂಧ ಸುಳ್ಳಲ್ಲ, ಹಾಯಿ ಮಡಚುವ ಚಿತ್ರ ಮಾತ್ರ ಆಮೇಲೆ ಅಂಟಿಸಿದ್ದು. ಇದಕ್ಕೆ ಜೊತೆ ಸಾಕ್ಷಿ ಫ್ರೆಂಚ್‌ನ ‘ಆರಿವೆ’, ಇಟಾಲಿಯನ್‌ನ ‘ಅರಿವಾರೆ’. ಇವೂ ‘ತಲುಪು’. ಮೂಲ ‘ಆದ್ ರೀಪಾಂ’, ದಡಕ್ಕೆ. ದಡ ಮುಟ್ಟುವುದು ಬಂದು ತಲುಪುವುದಕ್ಕೆ ಸಾಮಾನ್ಯ ಪದವಾಗಿದ್ದು ಈ ನುಡಿಗಳಲ್ಲಿ ಒಂದೇ ಸಲ ಅಲ್ಲ.

ಹೊಳೆಸಾಲು

ಮೈಲಿಗಲ್ಲು ಅವರ ಗಂಟುಮೂಟೆಯನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಫ್ರೆಂಚ್‌ನಲ್ಲಿ ‘ಪ್ಲಿಯೆ ಬಗಾಜ್’ ಅಂತ ನುಡಿಗಟ್ಟಿದೆ, ಅಕ್ಷರಶಃ ಸಾಮಾನು ಮಡಚು, ಅರ್ಥ ಜಾಗ ಖಾಲಿ ಮಾಡು. ಕತಲಾನ್‌ನ ‘ಪ್ಲೆಗಾ’ ಸಹ ಅದೇ ದಾರಿಯದು. ಮಾಡುತ್ತಿದ್ದ ಕೆಲಸದ ಸಾಮಾನು ಮಡಚಿಟ್ಟು ಏಳು ಅನ್ನುವುದರಿಂದ ಕೆಲಸ ಮುಗಿಸು. ‘ಎಷ್ಟು ಗಂಟೆಗೆ ಪ್ಲೆಗಾ?’ ಅಂದರೆ ಕೆಲಸ ಬಿಡೋದು ಎಷ್ಟು ಹೊತ್ತಿಗೆ ಅಂತ. ಬಾರ್ಸೆಲೋನಾದವರು ಸ್ಪ್ಯಾನಿಷ್ ಮಾತಾಡುವಾಗಲೂ ಈ ಪದ ಎಳೆತಂದು ಬಳಸುತ್ತಾರೆ. ಪಕ್ಕದ ಅರಗೊನೀಸ್‌ನಲ್ಲಿ ಅದೇ ಪದಕ್ಕೆ ‘ತಲುಪು’ ಅಂತ ಅರ್ಥ. ಅಲ್ಲಿಯವರಿಗೆ ಈ ಪ್ರಶ್ನೆ ‘ಎಷ್ಟು ಗಂಟೆಗೆ ಬರ್ತೀಯಾ?’ ಅಂತಲೇ ಕೇಳಿಸಬೇಕು. ಇಬ್ಬರ ನಡುವೆ ಇರೋದು ಒಂದು ಪ್ರಾಂತ್ಯದ ಗಡಿ.

ಅಂದರೆ ಮಡಚುವುದರಿಂದ ಹೊರಡುವುದಕ್ಕೆ ಸೇತುವೆ ಕಟ್ಟುವುದು ಕಷ್ಟವಲ್ಲ. ಪ್ರಶ್ನೆ ರೊಮೇನಿಯನ್ ಆ ಸೇತುವೆಯ ಮೇಲೇ ಹೋಯ್ತಾ ಅನ್ನುವುದು.

ಬೇರುಬಿಳಲು

ಆ ಪ್ರಶ್ನೆ ಸರಿಯಾಗಿದೆ. ನನ್ನ ಅಭಿಪ್ರಾಯದಲ್ಲಿ, ಇಲ್ಲ. ಯಾಕೆ ಅಂದರೆ ಫ್ರೆಂಚ್‌ನಲ್ಲಿ ‘ಬಗಾಜ್’ ಅನ್ನುವ ಕರ್ಮಪದ ಇಲ್ಲದೆ ಆ ಅರ್ಥವೇ ಬರಲ್ಲ, ಬರೇ ‘ಪ್ಲಿಯೆ’ ಅಂದರೆ ಹೊರಡು ಅಂತ ಆಗಲ್ಲ. ರೊಮೇನಿಯನ್‌ನಲ್ಲಿ ಮಡಚಬೇಕಾದ ಡೇರೆಯೂ ಇಲ್ಲ, ಗಂಟೂ ಇಲ್ಲ.

ಇರುವುದು ‘ಬಾಗು’. ಇವತ್ತಿನ ರೊಮೇನಿಯನ್‌ನಲ್ಲಿ ಅದೇ ಪ್ಲೆಕಾ ಹಳೆಯ ಅರ್ಥವನ್ನೂ ಹೊತ್ತುಕೊಂಡಿದೆ. ‘ಪ್ಲೆಕಾ ಕಾಪುಲ್’ ಅಂದರೆ ತಲೆ ಬಾಗಿಸು, ಶರಣಾಗು. ‘ಪ್ಲೆಕಚ್ಯೂನೆ’ ಅಂದರೆ ನಡು ಬಗ್ಗಿಸಿ ಮಾಡುವ ವಂದನೆ. ಬಗ್ಗು ಅನ್ನುವುದಕ್ಕೆ ‘ಅಪ್ಲೆಕಾ’. ಇನ್ನು ಹೊರಡು ಅನ್ನುವ ಅರ್ಥದ ಪ್ಲೆಕಾ ಯಾವ ವಿಭಕ್ತಿ ಬೇಡುತ್ತೆ ನೋಡಿ: ‘ಪ್ಲೆಕ್ ಲಾ ಮಾರೆ’, ಕಡಲಿಗೆ ಹೊರಟೆ. ‘ಪ್ಲೆಕ್ ದಿನ್ ಕ್ಲುಜ್’, ಕ್ಲುಜ್ ಊರಿಂದ ಹೊರಟೆ. ಹೋಗಬೇಕಾದ ಜಾಗವನ್ನೂ ಒಪ್ಪುತ್ತೆ, ಬಿಟ್ಟ ಜಾಗವನ್ನೂ ಒಪ್ಪುತ್ತೆ. ನಮ್ಮ ‘ಹೊರಡು’ ಕೂಡ ಹಾಗೇ, ಮೈಸೂರಿಗೆ ಹೊರಟೆ, ಮೈಸೂರಿಂದ ಹೊರಟೆ. ಡೇರೆ ಕಿತ್ತವನ ಮಾತಾಗಿದ್ದರೆ ಬಿಟ್ಟ ಜಾಗದ ಕಡೆಗೇ ವಾಲಬೇಕಿತ್ತು.

ನಡುವಿನ ಮೆಟ್ಟಿಲು ‘ತನ್ನನ್ನು ಒಂದು ಕಡೆಗೆ ತಿರುಗಿಸಿಕೊಳ್ಳು’. ಇದಕ್ಕೆ ಬರಹದ ಸಾಕ್ಷಿ ಇದೆ. 4ನೇ ಶತಮಾನದ ಕೊನೆಯಲ್ಲಿ ಎಗೇರಿಯಾ ಅನ್ನುವ ಹೆಂಗಸು ಜೆರುಸಲೇಮ್, ಸಿನಾಯ್ ಕಡೆಗೆಲ್ಲ ತೀರ್ಥಯಾತ್ರೆ ಮಾಡಿ ತನ್ನ ಊರಿನ ಸನ್ಯಾಸಿನಿಯರಿಗಾಗಿ ಬರೆದಿಟ್ಟಳು. ಅದರ ಹಸ್ತಪ್ರತಿ 1884ರಲ್ಲಿ ಇಟಲಿಯ ಅರೆತ್ಸೊದಲ್ಲಿ ಗಮುರ್ರೀನಿ ಅನ್ನುವ ವಿದ್ವಾಂಸನ ಕೈಗೆ ಸಿಕ್ಕಿತು. ಪಂಡಿತರ ಲ್ಯಾಟಿನ್ ಅಲ್ಲ ಅದು, ಆಡುಮಾತಿಗೆ ಹತ್ತಿರ, ಅದಕ್ಕೇ ನಮಗೆ ಬೆಲೆ. ಅವಳು ಪ್ಲಿಕಾರೆಯನ್ನು ಒಂದು ಜಾಗಕ್ಕೆ ಹತ್ತಿರವಾಗು ಅನ್ನುವ ಅರ್ಥದಲ್ಲಿ ಬಳಸುತ್ತಾಳೆ, ‘ನಮ್ಮನ್ನು’ ಅನ್ನುವ ಆತ್ಮಾರ್ಥಕ ಸರ್ವನಾಮ ಸೇರಿಸಿ. ಅಲ್ಲಿ ಹಾಯಿಯೂ ಇಲ್ಲ, ಡೇರೆಯೂ ಇಲ್ಲ. ಕತ್ತೆ ಮೇಲೋ ಕಾಲ್ನಡಿಗೆಯಲ್ಲೋ ಹೋಗುವವರು ದಾರಿ ಬಾಗಿಸಿ ಒಂದು ಜಾಗವನ್ನು ಸಮೀಪಿಸುವುದು ಅಷ್ಟೆ. ಎಗೇರಿಯಾ ಸ್ಪೇನಿನ ವಾಯವ್ಯದವಳು ಅನ್ನುವವರು ಹೆಚ್ಚು, ಅಂದರೆ ಇವತ್ತಿನ ಗಲೀಸಿಯಾ ಸೀಮೆ. ಅಲ್ಲಿ ಇವತ್ತೂ ‘ಚೆಗಾರ್’ ಅಂದರೆ ತಲುಪು.

ಸಂಜೆಮಲ್ಲಿಗೆ

ಆತ್ಮಾರ್ಥಕ ಬಳಕೆ ಅವಳೇ ಶುರು ಮಾಡಿದ್ದಾ?

ಬೇರುಬಿಳಲು

ಅಲ್ಲ. ರೋಮನ್ ಕವಿ ವರ್ಜಿಲ್‌ನ ಈನಿಯಡ್ ಕಾವ್ಯದ 5ನೇ ಸರ್ಗದಲ್ಲಿ ಗಾಡಿಚಕ್ರಕ್ಕೆ ಸಿಕ್ಕಿ ನಡು ಮುರಿದ ಹಾವು ತನ್ನನ್ನೇ ತಾನು ಸುತ್ತಿಕೊಳ್ಳುವ ಸಾಲಿದೆ. ಅಲ್ಲೂ ಕ್ರಿಯಾಪದ ಇದೇ, ಆತ್ಮಾರ್ಥಕವಾಗೇ ಇದೆ. ಮೈಯನ್ನು ಮಡಚಿಕೊಳ್ಳುವ ಹಾವಿನಿಂದ ದಾರಿಯನ್ನು ಬಾಗಿಸಿಕೊಳ್ಳುವ ಯಾತ್ರಿಕಳಿಗೆ ಸುಮಾರು ನಾನೂರು ವರ್ಷ. ಇಟಾಲಿಯನ್‌ನಲ್ಲಿ ಈ ‘ದಾರಿ ಬಾಗು’ ಈಗಲೂ ಜೀವಂತ, ರಸ್ತೆ ಎಡಕ್ಕೆ ತಿರುಗುತ್ತೆ ಅನ್ನಲು ರಸ್ತೆ ಎಡಕ್ಕೆ ‘ಪ್ಯೇಗಾ’ ಅನ್ನುತ್ತಾರೆ.

ಕಡಲಕರೆ

ಪೋರ್ಚುಗೀಸ್ ಇದಕ್ಕೆ ಒಳ್ಳೆಯ ಸಾಕ್ಷಿ ಕೊಡುತ್ತದೆ. ಶಬ್ದಕೋಶ ನೋಡಿ ಶೆಗಾರ್ ಅಂದರೆ ತಲುಪು ಅಂತ ಬರೆದುಕೊಂಡವರು ಈ ಮೂರು ವಾಕ್ಯದಲ್ಲಿ ಸಿಕ್ಕಿಬೀಳುತ್ತಾರೆ.

ಕುರ್ಚಿಯನ್ನು ಮೇಜಿಗೆ ‘ಶೇಗಾ’ ಅಂದರೆ ಕುರ್ಚಿ ಹತ್ತಿರ ಎಳೆ ಅಂತ. ಇಲ್ಲಿ ಕ್ರಿಯಾಪದ ಸಕರ್ಮಕ, ಯಾರೂ ಎಲ್ಲಿಗೂ ತಲುಪುತ್ತಿಲ್ಲ. ‘ಶೇಗಾ-ತೆ ಪಾರಾ ಲಾ’ ಅಂದರೆ ಸ್ವಲ್ಪ ಆಚೆ ಸರಿ. ಗಮನಿಸಿ, ಆಚೆ! ಬ್ರೆಜಿಲ್‌ನಲ್ಲಿ ಇದೇ ಮಾತು ನಾಮಪದವಾಗಿ, ಒಬ್ಬರನ್ನು ದೂರ ತಳ್ಳಿದ್ದಕ್ಕೆ ‘ಶೇಗಾ ಪ್ರಾ ಲಾ’ ಕೊಟ್ಟ ಅನ್ನುತ್ತಾರೆ. ಹತ್ತಿರ, ದೂರ ಎರಡಕ್ಕೂ ಬಾಗುವ ಈ ‘ಸರಿ’ಯೇ ಬೇರುಬಿಳಲು ಅವರು ಹೇಳುವ ನಡುವಿನ ಮೆಟ್ಟಿಲು. ಸ್ಪ್ಯಾನಿಷ್‌ನಲ್ಲಿ ಇದರ ನೆರಳು ‘ಅಯೆಗಾದೊ’ದಲ್ಲಿ ಉಳಿದಿದೆ, ಹತ್ತಿರದ ಬಂಧು ಅಥವಾ ಆಪ್ತ ಅಂತ.

ಮೂರನೆಯದು ಬರೇ ‘ಶೇಗಾ!’ ಅಂದರೆ ಸಾಕು! ಕಾಫಿ ಬಗ್ಗಿಸುವಾಗ ಹೇಳಿದರೂ ಸಾಕು, ಜಗಳದಲ್ಲಿ ಹೇಳಿದರೂ ಸಾಕು. ಪೋರ್ಚುಗಲ್ಲಿನಲ್ಲಿ 2019ರಲ್ಲಿ ಹುಟ್ಟಿದ ಒಂದು ರಾಜಕೀಯ ಪಕ್ಷದ ಹೆಸರೂ ಇದೇ. ಅದನ್ನು ‘ಬರುತ್ತಿದೆ’ ಅಂತ ಅನುವಾದಿಸಿದರೆ ಅರ್ಥ ಪೂರಾ ಕೆಟ್ಟಿತು.

ಹೊಳೆಸಾಲು

ತಲುಪು → ಸಾಕು ಅನ್ನುವ ಜಿಗಿತ ರೊಮೇನಿಯನ್‌ನಲ್ಲೂ ಇದೆ, ಬೇರೆ ಪದದಲ್ಲಿ. ಅವರಿಗೆ ತಲುಪು ಅಂದರೆ ‘ಅಜುಂಜೆ’ (ಲ್ಯಾಟಿನ್ ಅದ್‌ಯುಂಗೆರೆ, ಜೋಡಿಸು). ‘ಅಜುಂಜೆ!’ ಅಂತ ಒಂಟಿಯಾಗಿ ಹೇಳಿದರೆ ಸಾಕು! ಇನ್ನು ಬುಕಾರೆಸ್ಟ್ ಬೋರ್ಡಿನಲ್ಲಿ ಬಂದಿಳಿಯುವ ಕಡೆ ಇರುವ ‘ಸೊಸಿರಿ’ ಗ್ರೀಕ್ ಮೂಲದ್ದು. ನಡೆ, ಹೋಗು ಅನ್ನುವ ‘ಮೆರ್ಜೆ’ ಲ್ಯಾಟಿನ್ನಿನ ‘ಮುಳುಗಿಸು’ ಅನ್ನುವ ಪದ. ಈ ನುಡಿಯ ಚಲನೆಯ ಕ್ರಿಯಾಪದಗಳಲ್ಲಿ ಹುಟ್ಟಿದ ಮನೆಯಲ್ಲೇ ಉಳಿದಿರುವುದು ಕಡಿಮೆ.

ಶೇಗಾ ಪ್ರಸ್ತಾಪ ಬಂದದ್ದಕ್ಕೆ: ಆಜ್ಞಾರೂಪ ಒಂದನ್ನೇ ಹಿಡಿದು ಸಾಲಾಗಿ ಇಟ್ಟರೆ ಇಡೀ ವಿಷಯ ಕಣ್ಣಿಗೆ ಕಾಣುತ್ತೆ. ಲ್ಯಾಟಿನ್ ‘ಪ್ಲಿಕಾ!’ ಮಡಚು. ಇಟಲಿಯಲ್ಲಿ ‘ಪ್ಯೇಗಾ!’ ಮಡಚು. ಬಾರ್ಸೆಲೋನಾದಲ್ಲಿ ‘ಪ್ಲೇಗಾ!’ ಕೆಲಸ ನಿಲ್ಲಿಸು. ಲಿಸ್ಬನ್ನಿನಲ್ಲಿ ‘ಶೇಗಾ!’ ಸಾಕು. ಬುಕಾರೆಸ್ಟ್‌ನಲ್ಲಿ ‘ಪ್ಲ್ಯಾಕ!’ ತೊಲಗು.

ಮೈಲಿಗಲ್ಲು

ಹಂಗಾದ್ರ ಕನ್ನಡದಾಗ ಹೊರಡೂ ಮುಂದ ‘ಬರ್ತೀನ್ರಿ’ ಅಂತೇವಲ್ಲ, ಅದೂ ಇದ ಜಾತೀದೇನು? ಬರೂದು ಹೋಗೂದು ಅದಲಬದಲ.

ಧಾತುಪಾಠ

ಅಲ್ಲ, ಅದು ಬೇರೆ. ‘ಬರ್ತೀನಿ’ಯಲ್ಲಿ ಬಾ ಅನ್ನುವ ಪದದ ಅರ್ಥ ಕದಲಿಲ್ಲ. ‘ಹೋಗ್ತೀನಿ’ ಅನ್ನುವುದು ಅಪಶಕುನ ಅಂತ ಅದನ್ನು ನುಂಗಿಕೊಂಡು, ‘ಹೋಗಿ ಬರ್ತೀನಿ’ಯ ಕೊನೆ ಮಾತ್ರ ಹೇಳ್ತೀವಿ. ಸಂದರ್ಭ ಬದಲಾದರೆ ಅದೇ ‘ಬರ್ತೀನಿ’ ನೆಟ್ಟಗೆ ಬರುವುದೇ. ರೊಮೇನಿಯನ್‌ನ ಪ್ಲೆಕಾ ಯಾವ ಸಂದರ್ಭದಲ್ಲೂ ‘ತಲುಪು’ ಆಗಲ್ಲ. ಶಿಷ್ಟಾಚಾರಕ್ಕೆ ಮರೆಮಾಚಿದ್ದು ಒಂದು, ಅರ್ಥವೇ ಸರಿದದ್ದು ಇನ್ನೊಂದು.

ಸಂಜೆಮಲ್ಲಿಗೆ

ಪ್ರವಾಸ ಹೋಗುವವರಿಗೆ ಪ್ಲಿಕಾರೆಗಿಂತ ‘ಸಲೀರೆ’ ಹೆಚ್ಚು ತೊಂದರೆ ಕೊಡುತ್ತೆ ಅನ್ನಿಸುತ್ತೆ. ಸ್ಪ್ಯಾನಿಷ್ ಸ್ವಲ್ಪ ಗೊತ್ತಿದ್ದು ಇಟಲಿಗೆ ಹೋದವರು ಬಸ್ಸಿನ ಬಾಗಿಲ ಮೇಲೆ ‘ಸಲೀತಾ’ ನೋಡಿ ಇಳಿಯುವ ಬಾಗಿಲು ಅಂದುಕೊಳ್ತಾರೆ.

ಧಾತುಪಾಠ

ನಿಜ, ಅದು ಹತ್ತುವ ಬಾಗಿಲು. ಇಳಿಯಲು ‘ಉಷೀತಾ’ ಅಥವಾ ‘ದಿಷೇಸಾ’ ಅಂತ ಇರುವ ಬಾಗಿಲು ಹುಡುಕಬೇಕು. ಲ್ಯಾಟಿನ್ ಸಲೀರೆ ಅಂದರೆ ಜಿಗಿ. ರೊಮೇನಿಯನ್ ‘ಸರಿ’ ಮಾತ್ರ ಹಳೆಯ ಜಿಗಿತವನ್ನು ಉಳಿಸಿಕೊಂಡಿದೆ. ಇಟಾಲಿಯನ್‌ನಲ್ಲಿ ಮೇಲಕ್ಕೆ ಜಿಗಿದು ‘ಹತ್ತು’ ಆಯ್ತು, ಸ್ಪ್ಯಾನಿಷ್ ‘ಸಲೀರ್’, ಪೋರ್ಚುಗೀಸ್ ‘ಸಯೀರ್’ ಆಚೆಗೆ ಜಿಗಿದು ‘ಹೊರಗೆ ಹೋಗು’ ಆದವು, ಫ್ರೆಂಚ್ ‘ಸಯೀರ್’ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರು ಅನ್ನುವಲ್ಲಿ ನಿಂತಿತು. ಸ್ಪ್ಯಾನಿಷ್ ‘ಸಲೀದಾ’ದ ದ, ಇಟಾಲಿಯನ್ ‘ಸಲೀತಾ’ದ ತ: ಮೇಲೆ ಹೇಳಿದ ಗೆರೆಯ ಕೆಲಸವೇ, ಇಲ್ಲಿ ಇಟಾಲಿಯನ್ ಚೊಕ್ಕವಾಗಿ ನಡೆದುಕೊಂಡಿದೆ.

ಹೊಳೆಸಾಲು

ಬೆಂಗಳೂರಿನ ಆಫೀಸುಗಳಲ್ಲಿ ದಿನಾ ಓಡಾಡುವ ಪ್ಲಿಕಾರೆಯ ಸಂತಾನವನ್ನೂ ಲೆಕ್ಕಕ್ಕೆ ಹಿಡಿಯೋಣ. ಅಪ್ಲೈ, ರಿಪ್ಲೈ, ಎಂ‌ಪ್ಲಾಯಿ, ಡೂಪ್ಲಿಕೇಟ್, ಕಾಂಪ್ಲಿಕೇಟೆಡ್. ಸಾಫ್ಟ್‌ವೇರ್‌ನವರ ‘ಡಿಪ್ಲಾಯ್’ ಮತ್ತು ‘ಡಿಸ್‌ಪ್ಲೇ’ ಒಂದೇ ತಾಯಿಯ ಮಕ್ಕಳು. ಮೂಲ ಮಡಿಕೆ ಬಿಚ್ಚು, ಎರಡೂ ಫ್ರೆಂಚ್ ಮೂಲಕ ಬೇರೆ ಬೇರೆ ಕಾಲಕ್ಕೆ ಇಂಗ್ಲಿಷಿಗೆ ಹೋದವು. ಪದರ ಪದರವಾಗಿ ಅಂಟಿಸಿದ ‘ಪ್ಲೈವುಡ್’ನ ಪ್ಲೈ ಕೂಡ ಇದೇ. ಸೀರೆಯ ‘ಪ್ಲೀಟ್ಸ್’ ಕೂಡ.

ಸಂಜೆಮಲ್ಲಿಗೆ

ಡಿಪ್ಲೊಮಾ? ಅದೂ ಎರಡಾಗಿ ಮಡಚಿದ ಪತ್ರ ಅಲ್ವಾ?

ಧಾತುಪಾಠ

ಎರಡಾಗಿ ಮಡಚಿದ ಪತ್ರ ಹೌದು, ಈ ಮನೆತನ ಅಲ್ಲ. ಅದು ಗ್ರೀಕ್‌ನ ‘ದಿಪ್ಲೂಸ್’, ಇಮ್ಮಡಿ ಅಂತ. ಆ ಪ್ಲ ಬೇರೆ ಧಾತುವಿನದು.

ಕಾಲು ಜಾರುವ ಇನ್ನೊಂದಿಷ್ಟು ಜಾಗ: ಸ್ಪ್ಯಾನಿಷ್‌ನ ‘ಪ್ಲೆಗಾರಿಯಾ’ (ಪ್ರಾರ್ಥನೆ) ಪ್ಲೆಗಾರ್‌ನಿಂದ ಬಂದದ್ದಲ್ಲ, ಬೇಡು ಅನ್ನುವ ‘ಪ್ರೆಕಾರಿ’ಯ ಕಡೆಯದು. ಕೈ ಮಡಚಿ ಪ್ರಾರ್ಥಿಸುವುದರಿಂದ ಬಂತು ಅಂತ ಕಥೆ ಕಟ್ಟಬೇಡಿ. ಇಟಾಲಿಯನ್‌ನಲ್ಲಿ ‘ಪ್ರೆಗಾರೆ’ ಪ್ರಾರ್ಥಿಸು, ‘ಪ್ಯೆಗಾರೆ’ ಮಡಚು. ಪೋರ್ಚುಗೀಸ್‌ನಲ್ಲಿ ಪ್ರವಚನ ಮಾಡು ಅನ್ನುವುದಕ್ಕೆ ‘ಪ್ರೆಗಾರ್’ ಅಂತ ಪದ ಇದೆ, ಅದು ನೆರಿಗೆಯ ‘ಪ್ರೇಗಾ’ದ ಹತ್ತಿರ ಸುಳಿಯಲ್ಲ. ನಮ್ಮ ‘ಫಲಕ’, ‘ಪಲ್ಲಕ್ಕಿ’ಗಳನ್ನೂ ದಯವಿಟ್ಟು ಇಲ್ಲಿಗೆ ಎಳೆದು ತರಬೇಡಿ.

ಮೈಲಿಗಲ್ಲು

ಪಲ್ಲಕ್ಕಿ ನಾ ಕೇಳಬೇಕಂತನ ಇದ್ದೆ 😀 ಇನ್ನೊಂದು ಕೇಳ್ತೀನಿ. ಇಂಥಾ ಪದಾ ಸಿಕ್ಕಾಗ ನಾವ ಪರೀಕ್ಷಾ ಮಾಡೂದಾದ್ರ ಎಲ್ಲಿಂದ ಸುರು ಮಾಡೂದು?

ಬೇರುಬಿಳಲು

ಕ್ರಿಯಾಪದವಾದರೆ ವರ್ತಮಾನ ಕಾಲದ ‘ನಾನು’ ರೂಪದಿಂದ ಶುರು ಮಾಡಿ, ಶಬ್ದಕೋಶದ ಶಿರೋನಾಮೆಯಿಂದ ಅಲ್ಲ. ಸ್ವರದ ನಿಜವಾದ ಚರಿತ್ರೆ ಒತ್ತು ಬೀಳುವ ಕಡೆ ಇರುತ್ತೆ. ಸ್ಪ್ಯಾನಿಷ್‌ನಲ್ಲಿ ‘ನಾನು ತಲುಪುತ್ತೇನೆ’ ಅಂದರೆ ‘ಯೇಗೊ’. ಲ್ಯಾಟಿನ್ ಹ್ರಸ್ವ ಇ-ಯಿಂದ ಬಂದ ಎ ಒತ್ತು ಬಿದ್ದರೂ ಒಡೆಯಬಾರದು, ಒಡೆದಿಲ್ಲ. ‘ನಾನು ಮಡಚುತ್ತೇನೆ’ ಅಂದರೆ ‘ಪ್ಲ್ಯೇಗೊ’, ಇಲ್ಲಿ ಎ ಒಡೆದು ಯೇ ಆಗಿದೆ. ಇದು ನಿಯಮಕ್ಕೆ ಹೊರಗು. ‘ನಿರಾಕರಿಸುತ್ತೇನೆ’ ಅನ್ನುವ ‘ನ್ಯೇಗೊ’ದಂಥ ಪದಗಳನ್ನು ನೋಡಿ ಹೀಗಾಗಿದೆ, ಅಲ್ಲಿ ಲ್ಯಾಟಿನ್ನಿನಲ್ಲೇ ಹ್ರಸ್ವ ಎ ಇದ್ದದ್ದರಿಂದ ಒಡೆಯುವುದು ಸರಿ. ಅಂದರೆ ರೂಪದ ದೃಷ್ಟಿಯಿಂದ ಪ್ಲಿಕಾರೆಯ ಅಸಲಿ ವಾರಸುದಾರ ಮಡಚುವ ಪದ ಅಲ್ಲ, ತಲುಪುವ ಪದ.

ಅದಾದ ಮೇಲೆ ಅಡ್ಡಸಾಲು ಹಾಕಿ: ಅದೇ ಮೊದಲಕ್ಷರ ಇರುವ, ಅರ್ಥದಲ್ಲಿ ತಕರಾರಿಲ್ಲದ ಇನ್ನೆರಡು ಪದ ಎಲ್ಲ ನುಡಿಗಳಲ್ಲೂ ಹುಡುಕಿ ಕೆಳಗೆ ಇಡಿ (ಇಲ್ಲಿ ‘ತುಂಬಿದ’, ‘ಗಾಯ’ ಇಟ್ಟ ಹಾಗೆ). ಮೂರೂ ಸಾಲು ಹೊಂದಿದರೆ ಮಾತ್ರ ಅರ್ಥದ ವಿಚಾರಕ್ಕೆ ಇಳಿಯಿರಿ. ರೊಮೇನಿಯನ್‌ಗೆ ಡೆಕ್ಸ್ ಆನ್‌ಲೈನ್ ಅನ್ನುವ ಶಬ್ದಕೋಶ ಉಚಿತವಾಗಿ ಸಿಗುತ್ತೆ. ಅಲ್ಲಿ ಕ್ರಿಯಾಪದದ ಹಿಂದೆ ಬಿಡಿಯಾಗಿ ಬರೆಯುವ ‘ಅ’ ಬಿಟ್ಟು ಬರೇ ‘ಪ್ಲೆಕಾ’ ಅಂತ ಹುಡುಕಿ, ಮತ್ತೆ ಮೊದಲ ಅರ್ಥ ಓದಿ ಮುಚ್ಚಿಬಿಡಬೇಡಿ. ಬಾಗು ಅನ್ನುವುದು ಕೆಳಗಡೆ ಇರುತ್ತೆ.